ರಾತ್ರಿ ಮೂರು ಗಂಟೆಗೆ ಎಚ್ಚರವಾದ್ರೆ ನೀವೆಲ್ಲ ಹೇಗೆ ಪ್ರಾರ್ಥನೆ ಮಾಡ್ತೀರ?

ವಕ್ಕಲೇರಿ ಸೊಸೆ:

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ತಾಲ್ಲೂಕು, ವಕ್ಕಲೇರಿ ಕಡೆಯವಳು. ಹೆಸರು ಬೇಡ, ನಮ್ಮ ಚರ್ಚಿನ ಸಭೆಯವರೂ ಇಲ್ಲಿ ಓದ್ತಾರೆ.

ನಮ್ಮನೆಯವರು ಟೊಮೆಟೊ ಬೆಳೀತಾರೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಟಿವಿಯವರೆಲ್ಲ ಬಂದು ತೋರಿಸಿದ್ರಲ್ಲ, ಆಗ ನಮ್ಮ ತೋಟದಲ್ಲಿ ಒಂದು ಕಾಯಿ ಇರಲಿಲ್ಲ. ಆಮೇಲೆ ಊರಿಗೆ ಊರೇ ನಾಟಿ ಹಾಕ್ತು, ನಾವೂ ಹಾಕಿದ್ವಿ. ಕಡ್ಡಿ, ದಾರ, ಮಲ್ಚಿಂಗ್ ಪೇಪರು, ಡ್ರಿಪ್ಪು, ಔಷಧಿ, ಕೂಲಿ, ಎಲ್ಲದಕ್ಕೂ ದುಡ್ಡು ಮುಂಚೆಯೇ ಹೋಗುತ್ತೆ. ಎಲೆ ಮುದುಡು ರೋಗ ಬಂತು. ಉಳಿದ ಕಾಯಿ ಮಂಡಿಗೆ ಹಾಕಿದ್ರೆ ಗಾಡಿ ಬಾಡಿಗೆ, ಕಮಿಷನ್ನು ಕಳೆದು ಮನೆಗೆ ಬಂದಿದ್ದು ಹೇಳೋ ಹಾಗಿಲ್ಲ.

ಸಾಲವೆಲ್ಲ ನನ್ನ ಹೆಸರಲ್ಲಿದೆ. ಸಂಘದ ಸಾಲ, ಅದೇ ಮೈಕ್ರೋ ಫೈನಾನ್ಸಿನದ್ದು, ಹೆಂಗಸರ ಹೆಸರಿಗೇ ಕೊಡೋದು, ನಿಮಗೆ ಗೊತ್ತಿರೋದೇ. ಒಂದರ ಕಂತು ಮಂಗಳವಾರ, ಇನ್ನೊಂದರದ್ದು ಶುಕ್ರವಾರ. ಮಗಳು ಪಿಯುಸಿಯಲ್ಲಿದಾಳೆ, ಅವಳ ಫೀಸು ಬೇರೆ.

ಈಗ ವಿಷಯಕ್ಕೆ ಬರ್ತೀನಿ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತೆ. ಎದೆ ಡವಡವ ಅಂತಿರುತ್ತೆ, ಅಂಗೈ ಬೆವರಿರುತ್ತೆ. ಪಕ್ಕದಲ್ಲಿ ಇವರು ನಿದ್ದೆ ಹೊಡೀತಿರ್ತಾರೆ, ಎಬ್ಬಿಸೋಕೆ ಮನಸ್ಸು ಬರಲ್ಲ. ಬೆಳಗ್ಗೆ ಡೇರಿಗೆ ಹಾಲು ಹಾಕೋ ಹುಡುಗನ ಬೈಕಿನ ಶಬ್ದ ಕೇಳಿದ್ರೂ ಸಂಘದವರು ಬಂದ್ರೇನೋ ಅಂತ ಹೊಟ್ಟೆಯೊಳಗೆ ಒಂಥರಾ ಆಗುತ್ತೆ. ಮೊಣಕಾಲೂರಿ ಪ್ರಾರ್ಥನೆಗೆ ಕೂತ್ರೆ 'ಕರ್ತನೇ' ಅಂತೀನಿ, ಎರಡು ಮಾತು ಬರುತ್ತೆ, ಅಷ್ಟರಲ್ಲಿ ಮಂಗಳವಾರದ ಕಂತಿಗೆ ಎಷ್ಟು ಕಡಿಮೆ ಬಿದ್ದಿದೆ ಅನ್ನೋ ಲೆಕ್ಕ ಶುರುವಾಗಿರುತ್ತೆ. ಆಮೆನ್ ಅನ್ನೋ ಹೊತ್ತಿಗೆ ದೇವರ ಹತ್ರ ಮಾತಾಡಿದ್ನಾ, ಲೆಕ್ಕ ಹಾಕಿದ್ನಾ ಅಂತಾನೇ ತಿಳಿಯಲ್ಲ.

ಸ್ತ್ರೀಯರ ಸಭೆಯಲ್ಲಿ ಹಿರಿಯಮ್ಮ ಒಬ್ಬರ ಹತ್ರ ಹೇಳ್ಕೊಂಡೆ. 'ಭಯ ಇರೋ ಕಡೆ ನಂಬಿಕೆ ಇರಲ್ಲ, ನಿನ್ನನ್ನ ನೀನೇ ಪರೀಕ್ಷೆ ಮಾಡ್ಕೋ' ಅಂದ್ರು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡು ಬೀರು ಬಾಗಿಲಿಗೆ ಅಂಟಿಸಿದೀನಿ. ಬೈಬಲಿನ ಫಿಲಿಪ್ಪಿ 4:6, ಯಾವುದಕ್ಕೂ ಚಿಂತೆ ಮಾಡಬೇಡಿ ಅನ್ನೋದು. ಬಾಯಿಪಾಠ ಆಗಿದೆ. ಓದಿದಷ್ಟೂ, ಅಯ್ಯೋ ಚಿಂತೆ ಮಾಡ್ತಿದೀನಲ್ಲ ಅಂತ ಅದೂ ಒಂದು ಚಿಂತೆ ಸೇರ್ಕೊಂಡಿದೆ.

ದಯವಿಟ್ಟು ಯಾರೂ ವಚನ ಕಳಿಸಬೇಡಿ. ಆ ಹೊತ್ತಲ್ಲಿ ನೀವು ನಿಜವಾಗಿ ಏನು ಮಾಡ್ತೀರ, ಅದನ್ನ ಹೇಳಿ. ಎದ್ದು ಕೂರ್ತೀರಾ, ಮಲಗೇ ಇರ್ತೀರಾ? ಬಾಯಿಬಿಟ್ಟು ಪ್ರಾರ್ಥನೆ ಮಾಡ್ತೀರಾ, ಮನಸ್ಸಲ್ಲೇನಾ?

ಕೃಪೆಯೇ ಸಾಕು:

ಸಹೋದರಿ, ಫಿಲಿಪ್ಪಿ 4:6-7 ಧ್ಯಾನಿಸಿ. 21 ದಿನ ಉಪವಾಸ ಪ್ರಾರ್ಥನೆ ಮಾಡಿ, ಸಾಲದ ಬೆಟ್ಟ ಮಂಜಿನಂತೆ ಕರಗುವುದು. ಆಮೆನ್.

ನೈಟ್ ಡ್ಯೂಟಿ ಅಮ್ಮ:

ಮೊದಲು ಮೇಲಿನ ಸಹೋದರರಿಗೆ ಒಂದು ಮಾತು. ವಚನ ಕಳಿಸಬೇಡಿ ಅಂತ ಆ ಹುಡುಗಿ ಬರೆದಿದಾಳೆ, ನೀವು ಅವಳ ಬೀರುವಿನ ಮೇಲಿರೋ ವಚನವನ್ನೇ ಕಳಿಸಿದೀರ. ಇನ್ನು ಉಪವಾಸದ ವಿಷಯ. ಯೆಶಾಯ 58ನೇ ಅಧ್ಯಾಯ ತೆಗೆದು ನೋಡಿ. ದೇವರಿಗೆ ಇಷ್ಟವಾದ ಉಪವಾಸ ಅಂದ್ರೆ ನೊಗ ಬಿಚ್ಚೋದು, ಹಸಿದವರಿಗೆ ಅನ್ನ ಹಾಕೋದು ಅಂತ ಪ್ರವಾದಿ ಹೇಳಿದಾನೆ. ಸಾಲದ ನೊಗ ಹೊತ್ತಿರೋಳಿಗೆ 'ನೀನು ಊಟ ಬಿಡು' ಅಂತ ಅಲ್ಲೆಲ್ಲೂ ಇಲ್ಲ.

ಅಮ್ಮಣ್ಣಿ, ಈಗ ನಿನಗೆ ಹೇಳ್ತೀನಿ ಕೇಳು. ನಾನು ಕೋಲಾರದ ಇಟಿಸಿಎಂನಲ್ಲಿ ನರ್ಸ್ ಆಗಿದ್ದೋಳು, ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಗಾಜಿನ ಸಿರಿಂಜು ಕುದಿಸಿ ಇಂಜೆಕ್ಷನ್ ಕೊಡ್ತಿದ್ದ ಕಾಲದಲ್ಲಿ ಸೇರಿದ್ದು. ರಾತ್ರಿ ಮೂರು ಗಂಟೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ವಾರ್ಡಲ್ಲಿ ಹೆಚ್ಚು ಕರೆ ಬರ್ತಿದ್ದಿದ್ದು ಆ ಹೊತ್ತಲ್ಲೇ. ಹೋಗಿ ನೋಡಿದ್ರೆ ಜ್ವರ ಇಲ್ಲ, ನೋವಿಲ್ಲ, ಡ್ರಿಪ್ಪು ಸರಿಯಾಗಿ ಇಳೀತಿದೆ. 'ಯಾಕಪ್ಪ ಕರೆದೆ?' ಅಂದ್ರೆ 'ಏನಿಲ್ಲ ಸಿಸ್ಟರ್, ಸುಮ್ನೆ' ಅಂತಿದ್ರು. ಮುಂಡಾಸು ಕಟ್ಟಿ ಮೀಸೆ ತಿರುವೋ ಗೌಡರೂ ಹಾಗೇ ಅಂದಿದಾರೆ. ಅವರಿಗೆಲ್ಲ ನಂಬಿಕೆ ಕಡಿಮೆ ಅಂತ ನಾನು ಬರೆದುಕೊಳ್ಳಲಿಲ್ಲ, ನಾಡಿ ನೋಡಿ ಎಷ್ಟಿದೆ ಅಂತ ಬರೆದುಕೊಂಡೆ.

ಅದಕ್ಕೇ ಮೊದಲು ನಿನ್ನ ನಾಡಿ. ಹೀಮೋಗ್ಲೋಬಿನ್ನು, ಥೈರಾಯ್ಡು ಎರಡೂ ಪರೀಕ್ಷೆ ಮಾಡಿಸು. ರಕ್ತ ಕಡಿಮೆ ಇದ್ರೂ ಎದೆ ಹೀಗೇ ಹೊಡ್ಕೊಳ್ಳುತ್ತೆ, ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದ್ರೂ ಹೊಡ್ಕೊಳ್ಳುತ್ತೆ, ಬೆವರುತ್ತೆ, ನಿದ್ದೆ ಕೆಡುತ್ತೆ. ತೋಟದಲ್ಲಿ ಗೇಯೋ ಹೆಂಗಸರು ಮನೆಯವರಿಗೆಲ್ಲ ಬಡಿಸಿ ಕೊನೆಗೆ ತಳದಲ್ಲಿ ಉಳಿದಿದ್ದು ತಿನ್ನೋರು, ರಕ್ತ ಎಲ್ಲಿಂದ ಬರಬೇಕು. ಎಸ್‌ಎನ್‌ಆರ್ ಆಸ್ಪತ್ರೆಗೆ ಹೋಗು, ದೊಡ್ಡ ಖರ್ಚಿಲ್ಲ. ಅಲ್ಲೇ ಮನಸ್ಸಿನ ಡಾಕ್ಟರನ್ನೂ ಕೇಳು, ನಾಚಿಕೆ ಬೇಡ. ರಾತ್ರಿ ಹೊತ್ತು ತೀರಾ ಕಷ್ಟ ಆದ್ರೆ ಟೆಲಿ ಮಾನಸ್ ಅಂತ ಸರ್ಕಾರದ್ದು ಇದೆ, ನಂಬರು 14416. 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. 'ಇದೆಲ್ಲ ಸಾಕು, ನಾನಿರಬಾರದು' ಅನ್ನೋ ಥರ ಯೋಚನೆ ಏನಾದ್ರೂ ಬಂದ್ರೆ ಬೆಳಕು ಹರಿಯಲಿ ಅಂತ ಕಾಯಬೇಡ. ಗಂಡನ್ನ ಎಬ್ಬಿಸು, ಆ ನಂಬರಿಗೆ ಫೋನ್ ಮಾಡು.

ಇದನ್ನ ಕೇಳಿ 'ಅಮ್ಮ ದೇವರ ಮಾತು ಬಿಟ್ಟು ಡಾಕ್ಟರ ಮಾತಾಡ್ತಾರೆ' ಅನ್ನೋರಿಗೆ ಎಲೀಯನ ಕತೆ ನೆನಪು ಮಾಡ್ತೀನಿ. 1 ಅರಸುಗಳು 19. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಪ್ರವಾದಿ, ಈ ಅಧ್ಯಾಯದಲ್ಲಿ ರಾಣಿಯ ಒಂದು ಬೆದರಿಕೆಗೆ ಹೆದರಿ ಓಡಿಹೋಗಿ ಗಿಡದ ಕೆಳಗೆ ಬಿದ್ಕೊಂಡು 'ಸಾಕು, ನನ್ನ ಪ್ರಾಣ ತಗೋ' ಅಂತಾನೆ. ದೇವದೂತ ಬಂದು ಏನು ಮಾಡ್ದ? ಬೈದನಾ? ಪ್ರಸಂಗ ಮಾಡಿದನಾ? ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ಎದ್ದು ತಿನ್ನು ಅಂದ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ, ದಾರಿ ದೂರ ಇದೆ, ನಿನ್ನ ಕೈಲಾಗಲ್ಲ ಅಂತ. ಊಟ, ನಿದ್ದೆ, ಮತ್ತೆ ಊಟ. ದೇವರು ಅವನ ಜೊತೆ ಮಾತಿಗೆ ಕೂತಿದ್ದು ಅದೆಲ್ಲ ಆದಮೇಲೆ. ನಮ್ಮ ನರ್ಸಿಂಗ್ ಸ್ಕೂಲಲ್ಲಿ ಕಲಿಸಿದ್ದೂ ಇದೇ ಕ್ರಮ.

ಇನ್ನು ನೀನು ಕೇಳಿದ್ದು, ಆ ಹೊತ್ತಲ್ಲಿ ಏನು ಮಾಡ್ತೀರ ಅಂತ. ನಾನು ಮಲಗಿರಲ್ಲ. ಎದ್ದು ಮಂಚದ ಅಂಚಲ್ಲಿ ಕೂತು ಎರಡು ಪಾದವನ್ನೂ ನೆಲಕ್ಕೆ ಊರ್ತೀನಿ. ನೆಲ ತಣ್ಣಗಿರಬೇಕು, ಚಪ್ಪಲಿ ಬೇಡ. ನೀರು ಕುಡೀತೀನಿ. ಫೋನ್ ಮುಟ್ಟಲ್ಲ. ಮೊಣಕಾಲೂರಲೇಬೇಕು ಅಂತಿಲ್ಲ, ನನ್ನ ಮೊಣಕಾಲು ಈಗ ಕೇಳೋದೂ ಇಲ್ಲ. ಆಮೇಲೆ ಒಂದು ಕೀರ್ತನೆ ತೆಗೀತೀನಿ, ಚಿಕ್ಕದು, 4ನೇದು ಇಲ್ಲ 13ನೇದು. ನಮ್ಮ ಮನೇಲಿ ದೊಡ್ಡಕ್ಷರದ ಸತ್ಯವೇದ, ಅಂದ್ರೆ ಬೈಬಲ್ಲು, ಇದೆ, ಕನ್ನಡಕ ಹುಡುಕೋ ಕಷ್ಟ ಇಲ್ಲ. ಬಾಯಿಬಿಟ್ಟೇ ಓದ್ತೀನಿ, ಪಕ್ಕದವರಿಗೆ ಕೇಳದಷ್ಟು. ಕೀರ್ತನೆಗಳಲ್ಲಿ ಹೆಚ್ಚಿನ ವಚನ ಎರಡು ತುಂಡಾಗಿ ಇರುತ್ತೆ ಗಮನಿಸಿದೀಯಾ, ಮೊದಲ ತುಂಡು ಹೇಳಿದ್ದನ್ನೇ ಎರಡನೇದು ಎಷ್ಟೋ ಸಲ ಇನ್ನೊಂದು ಥರ ಹೇಳುತ್ತೆ. ಇಬ್ರಿಯರ ಹಾಡು ಕಟ್ಟೋ ರೀತಿ ಅದು. ಮೊದಲ ತುಂಡು ಓದಿ ನಿಲ್ಲಿಸು. ಉಸಿರು ಪೂರ್ತಿ ಹೊರಗೆ ಬಿಡು, ನಿಧಾನಕ್ಕೆ, ಒಳಗೆ ತಗೊಂಡಿದ್ದಕ್ಕಿಂತ ಉದ್ದ. ಆಮೇಲೆ ಎರಡನೇ ತುಂಡು. ಉಸಿರು ಬಿಡೋದು ಉದ್ದ ಆದ್ರೆ ಎದೆ ಬಡಿತ ತಾನಾಗೇ ಇಳಿಯುತ್ತೆ, ಇದು ಶರೀರದ ಕೆಲಸ, ಮಂತ್ರ ಅಲ್ಲ. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಕಾಯೋವಾಗ ಎಷ್ಟೋ ಜನಕ್ಕೆ ಹೀಗೆ ಓದಿದೀನಿ. ಕ್ರೈಸ್ತರಲ್ಲದವರೂ 'ಇನ್ನೊಂದು ಸಲ ಹೇಳಿ ಸಿಸ್ಟರ್' ಅಂದಿದಾರೆ.

ಲೆಕ್ಕ ಬರುತ್ತೆ ಅಂದೆಯಲ್ಲ. ಬರಲಿ ಬಿಡು, ಓಡಿಸಬೇಡ. ಆ ಲೆಕ್ಕವನ್ನೇ ಪ್ರಾರ್ಥನೆ ಮಾಡು. 2 ಅರಸುಗಳು 19ರಲ್ಲಿ ಹಿಜ್ಕೀಯ ರಾಜನಿಗೆ ಅಶ್ಶೂರದವರಿಂದ ಒಂದು ಕಾಗದ ಬರುತ್ತೆ. ನಿನ್ನ ಊರು ಉಳಿಯಲ್ಲ, ನಿನ್ನ ದೇವರನ್ನ ನಂಬಿ ಕೆಡಬೇಡ ಅಂತ ಬೆದರಿಕೆ. ಈಗಿನ ಭಾಷೆಯಲ್ಲಿ ನೋಟಿಸು ಅನ್ನು. ರಾಜ ಆ ಕಾಗದ ಓದಿ ಮಡಚಿಟ್ಟು, ಮನಸ್ಸು ತಿಳಿ ಮಾಡ್ಕೊಂಡು ಆಮೇಲೆ ದೇವಾಲಯಕ್ಕೆ ಹೋಗಲಿಲ್ಲ. ಕಾಗದವನ್ನೇ ಎತ್ಕೊಂಡು ಹೋಗಿ ದೇವರ ಮುಂದೆ ಹರಡಿದ. ನೋಡು, ಇದನ್ನ ಓದು ಅಂದ. ನೀನೂ ಸಂಘದ ಪಾಸ್‌ಬುಕ್ಕು, ಕಂತಿನ ಕಾರ್ಡು ತಂದು ಸತ್ಯವೇದದ ಪಕ್ಕ ಹರಡು. 'ಕರ್ತನೇ, ಮಂಗಳವಾರಕ್ಕೆ ಇಷ್ಟು ಬೇಕು, ಕೈಯಲ್ಲಿ ಇಷ್ಟಿದೆ, ಇಷ್ಟು ಕಡಿಮೆ ಬಿದ್ದಿದೆ' ಅಂತ ರೂಪಾಯಿ ಸಮೇತ ಹೇಳು. ದೇವರಿಗೆ ಗೊತ್ತಿಲ್ಲ ಅಂತಲ್ಲ. ನಿನ್ನ ತಲೆಯೊಳಗೆ ಸುತ್ತುತ್ತಾ ಇರೋದು ಒಂದು ಸಲ ಹೊರಗೆ ಬಂದು ಇನ್ನೊಬ್ಬರ ಕಿವಿಗೆ ಬೀಳಬೇಕು, ಅದಕ್ಕೆ. ಇನ್ನೊಂದು ನೋಡು, ಆ ಹಿಜ್ಕೀಯ ಅದಕ್ಕೂ ಮುಂಚೆ ತನ್ನ ಅಧಿಕಾರಿಗಳನ್ನ ಯೆಶಾಯನ ಹತ್ರ ಕಳಿಸಿ 'ನಮಗೋಸ್ಕರ ಪ್ರಾರ್ಥನೆ ಮಾಡು' ಅಂತ ಕೇಳಿದ್ದ. ರಾಜನೇ ಒಬ್ಬನೇ ಹೊರಲಿಲ್ಲ.

ಆ ಹಿರಿಯಮ್ಮನಿಗೂ ಒಂದು ಉತ್ತರ ಇಟ್ಕೋ. ಚಿಂತೆ ಮಾಡಬೇಡಿ ಅಂತ ಬರೆದ ಪೌಲ ಆಗ ಇದ್ದಿದ್ದು ಸೆರೆಯಲ್ಲಿ. ಅದೇ ಪೌಲ 2 ಕೊರಿಂಥ 11:28ರಲ್ಲಿ, ಎಲ್ಲಾ ಸಭೆಗಳ ಚಿಂತೆ ದಿನಾ ನನ್ನ ಮೇಲೆ ಬೀಳ್ತಿದೆ ಅಂತಾನೂ ಬರೆದಿದಾನೆ. ಅದೇ ಪತ್ರದ ಮೊದಲನೇ ಅಧ್ಯಾಯದಲ್ಲಿ ಬದುಕೋ ಆಸೆಯೇ ಹೋಗಿತ್ತು ಅಂತಾನೆ. ಅವನ ನಂಬಿಕೆಯನ್ನ ಯಾರು ಪರೀಕ್ಷೆ ಮಾಡ್ತಾರೆ, ಕೇಳು.

ಮಾರಿಕುಪ್ಪಂ ಪ್ಯಾಸೆಂಜರ್:

ಅಕ್ಕ, ನಾನು ಕೆಜಿಎಫ್. ನಾವು ಕ್ಯಾಥೊಲಿಕ್. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಹೋಗೋರಲ್ಲಿ ನಾನೂ ಒಬ್ಬ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನಮ್ಮೂರಿಗೆ ಆ ರೈಲೇ ಹೊಟ್ಟೆಪಾಡು. ಅಪ್ಪ ಗಣಿಯಲ್ಲಿದ್ರು. ಕೆಲಸ ಹೋದ ಮೇಲೆ ಅವರು ರಾತ್ರಿಯೆಲ್ಲ ವರಾಂಡದಲ್ಲಿ ಕೂತಿರೋರು, ಕೈಯಲ್ಲಿ ಜಪಸರ. ಪ್ರಾರ್ಥನೆ ಮಾಡ್ತಿದ್ರೋ ಸುಮ್ನೆ ಮಣಿ ಎಣಿಸ್ತಿದ್ರೋ ನಮಗೆ ಗೊತ್ತಾಗ್ತಿರಲಿಲ್ಲ. ಒಂದಿನ ಕೇಳಿದೆ. 'ಬಾಯಿ ಹೇಳುತ್ತೆ, ಬೆರಳು ಎಣಿಸುತ್ತೆ, ಮನಸ್ಸು ಅದರ ಪಾಡಿಗೆ ಹೋಗಿ ಬರುತ್ತೆ, ವಾಪಸ್ ಬಂದಾಗ ಕೂರೋಕೆ ಒಂದು ಜಾಗ ಇರಬೇಕಲ್ಲ' ಅಂದ್ರು.

ಈಗ ನಾನು ರೈಲಲ್ಲಿ ಮಾಡೋದೂ ಅದನ್ನೇ. ಸೀಟು ಸಿಕ್ಕಿದ್ರೆ ಕೂತು, ಇಲ್ಲಾಂದ್ರೆ ಬಾಗಿಲ ಹತ್ರ ಕಂಬಿ ಹಿಡಿದು. ಜೇಬಲ್ಲಿ ಮಣಿ ಇರುತ್ತೆ. ಚಾಂಪಿಯನ್, ಊರ್ಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಬರೋಷ್ಟರಲ್ಲಿ ಒಂದೆರಡು ದಶಕ, ಅಂದ್ರೆ ಹತ್ತು ಮಣಿಯ ಸುತ್ತು, ಮುಗಿದಿರುತ್ತೆ. ಪಕ್ಕದಲ್ಲಿ ಇಸ್ಪೀಟಾಟ ನಡೀತಿರುತ್ತೆ, ಇನ್ನೊಂದು ಕಡೆ ಅಯ್ಯಪ್ಪನ ಭಜನೆ. ಯಾರಿಗೂ ಯಾರ ತೊಂದರೆಯೂ ಇಲ್ಲ.

ನಿಮ್ಮ ಪೋಸ್ಟ್ ಓದಿ ಒಂದು ವಿಷಯ ಹೊಳೀತು. ನಮ್ಮಲ್ಲಿ ಮಂಗಳವಾರ, ಶುಕ್ರವಾರ ಜಪಸರ ಮಾಡುವಾಗ ದುಃಖದ ರಹಸ್ಯಗಳನ್ನ, ಅಂದ್ರೆ ಯೇಸು ಪಟ್ಟ ಪಾಡನ್ನ, ಧ್ಯಾನಿಸ್ತೀವಿ. ನಿಮ್ಮ ಕಂತಿನ ದಿನಗಳೇ! ಮೊದಲನೇದು ಗೆತ್ಸೆಮನೆ ತೋಟ, ಯೇಸುವನ್ನ ಹಿಡಿದ ರಾತ್ರಿಯದು. ಅಲ್ಲಿ ಯೇಸು ಒಬ್ಬರೇ ಹೋಗಲಿಲ್ಲ, ಪೇತ್ರ, ಯಾಕೋಬ, ಯೊವಾನ್ನ ಮೂವರನ್ನ ಕರ್ಕೊಂಡು ಹೋಗಿ 'ನನ್ನ ಜೊತೆ ಎಚ್ಚರವಾಗಿರಿ' ಅಂದ್ರು. ಅವರು ನಿದ್ದೆ ಹೊಡೆದ್ರು, ಅದು ಬೇರೆ ಮಾತು. ಆಮೇಲೆ ಪ್ರಾರ್ಥನೆ ಮಾಡಿದ್ದೂ ಮೂರು ಸಲ, ಅದೇ ಮಾತು, ಹೊಸದೇನೂ ಇಲ್ಲ. ದೇವರ ಮಗನಿಗೇ ಆ ರಾತ್ರಿ ಹೊಸ ಮಾತು ಹೊಳೆಯಲಿಲ್ಲ ಅಂದ್ರೆ ನಮಗೆ 'ಕರ್ತನೇ' ಆದಮೇಲೆ ಮಾತು ಬರಲ್ಲ ಅನ್ನೋದು ದೊಡ್ಡ ವಿಷಯವಾ ಅಕ್ಕ?

ನಿಮ್ಮ ಸಭೆಯಲ್ಲಿ ಜಪಸರ ಒಪ್ಪಲ್ಲ ಅಂತ ಗೊತ್ತು, ಅದನ್ನ ಮಾಡಿ ಅಂತ ಹೇಳ್ತಿಲ್ಲ. ಒಂದೇ ಸಾಲು ಹಿಡ್ಕೊಳ್ಳಿ. ಯೇಸು ಹೇಳಿದ ಕತೆಯಲ್ಲಿ ಸುಂಕದವನು ದೇವಾಲಯದಲ್ಲಿ ದೂರ ನಿಂತು ಎದೆ ಬಡಿದುಕೊಂಡು ಹೇಳಿದ್ದು, ಪಾಪಿಯಾದ ನನ್ನನ್ನು ಕರುಣಿಸು ಅಂತ. ಹತ್ತು ಬೆರಳಿಗೆ ಹತ್ತು ಸಲ. ಪೂರ್ವದ ಸಭೆಗಳಲ್ಲಿ ಇದನ್ನೇ ಹೋಲುವ ಯೇಸುವಿನ ಪ್ರಾರ್ಥನೆಯನ್ನ ಶತಮಾನಗಳಿಂದ ಉಸಿರಿನ ಜೊತೆ ಹೇಳ್ಕೊಂಡು ಬಂದಿದಾರೆ.

ವಕ್ಕಲೇರಿ ಸೊಸೆ:

ಅಮ್ಮಾ, ಅಣ್ಣಾ, ಇಬ್ಬರಿಗೂ ಏನು ಹೇಳಲಿ. ಮಧ್ಯಾಹ್ನ ಹಟ್ಟಿ ಹತ್ರ ನಿಂತು ಓದಿದೆ, ಹಸು ಕೂಗ್ತಾ ಇದ್ರೂ ಓದಿದೆ.

ರಾತ್ರಿ 13ನೇ ಕೀರ್ತನೆ ತೆಗೆದೆ. ಓದಿ ಗಾಬರಿ ಆಯ್ತು. ಎಷ್ಟರ ತನಕ ನನ್ನನ್ನ ಮರೀತೀಯ, ಎಷ್ಟರ ತನಕ ಮುಖ ಮರೆ ಮಾಡ್ತೀಯ ಅಂತ ದೇವರನ್ನೇ ಕೇಳೋದಾ? ಅರಣ್ಯದಲ್ಲಿ ಇಸ್ರಾಯೇಲ್ಯರು ಗುಣುಗುಟ್ಟಿದ್ದಕ್ಕೆ ಏನಾಯ್ತು ಅಂತ ಸಂಡೇ ಸ್ಕೂಲಿಂದ ಕೇಳ್ಕೊಂಡು ಬಂದಿದೀವಿ. ಹೀಗೆ ಕೇಳಿದ್ರೆ ನಾನೂ ಗುಣುಗುಟ್ಟಿದ ಹಾಗಲ್ವಾ ಅಮ್ಮ?

ನೈಟ್ ಡ್ಯೂಟಿ ಅಮ್ಮ:

ಒಳ್ಳೆ ಪ್ರಶ್ನೆ. ಅರಣ್ಯಕಾಂಡ 14 ಸರಿಯಾಗಿ ಓದು. ಅವರು ಗುಣುಗುಟ್ಟಿದ್ದು ದೇವರ ಹತ್ರ ಅಲ್ಲ, ತಮ್ಮತಮ್ಮಲ್ಲೇ, ಮೋಶೆ ಆರೋನರ ಮೇಲೆ. ಇನ್ನೊಬ್ಬ ನಾಯಕನ್ನ ಮಾಡ್ಕೊಂಡು ಐಗುಪ್ತಕ್ಕೆ ವಾಪಸ್ ಹೋಗೋಣ ಅಂತ. ಅವರು ಬೆನ್ನು ತಿರುಗಿಸಿದ್ದು. ಕೀರ್ತನೆಗಾರ ಮುಖಕ್ಕೆ ಮುಖ ಕೊಟ್ಟು ಕೇಳ್ತಿದಾನೆ. ಅತ್ತೆ ಮೇಲಿನ ಸಿಟ್ಟನ್ನ ಬೀದಿ ನಲ್ಲಿ ಹತ್ರ ಹೇಳೋದಕ್ಕೂ ಅಡುಗೆಮನೆಯಲ್ಲಿ ಅತ್ತೆಗೇ ಹೇಳೋದಕ್ಕೂ ವ್ಯತ್ಯಾಸ ಇಲ್ವಾ?

13ರಲ್ಲಿ 'ಎಷ್ಟರ ತನಕ' ಅಂತ ನಾಲ್ಕು ಸಲ ಬರುತ್ತೆ, ಎಣಿಸು. ಕೊನೆಗೆ ಹಾಡ್ತೀನಿ ಅಂತ ಮುಗಿಯುತ್ತೆ. ಆದರೆ ಎಲ್ಲವೂ ಹಾಗೆ ಮುಗಿಯಲ್ಲ. 88ನೇದು ಓದು. ಕತ್ತಲು ಅಂತಾನೇ ಮುಗಿಯುತ್ತೆ, ಕೊನೆಯಲ್ಲಿ ಸ್ತೋತ್ರ ಇಲ್ಲ, ಹಲ್ಲೆಲೂಯ ಇಲ್ಲ. ಅದನ್ನ ಬರೆದೋರೂ ಕಿತ್ತು ಹಾಕಲಿಲ್ಲ, 150 ಕೀರ್ತನೆಯಲ್ಲಿ ಸೇರಿಸಿದೋರೂ ಕಿತ್ತು ಹಾಕಲಿಲ್ಲ. ನಮ್ಮ ಸಭೆಗಳಲ್ಲಿ ಮಾತ್ರ ಅದನ್ನ ಯಾರೂ ಓದಿಸಲ್ಲ. ಸಾಕ್ಷಿ ಹೇಳೋಕೆ ನಿಲ್ಲೋರೆಲ್ಲ ಕಷ್ಟ ತೀರಿದೋರೇ, ನಡುವಲ್ಲಿ ಇರೋರಿಗೆ ಮೈಕು ಕೊಡಲ್ಲ. ನನಗೆ ಇದರ ಮೇಲೆ ಬಹಳ ಸಿಟ್ಟಿದೆ, ಇಲ್ಲಿ ಬೇಡ ಬಿಡು.

ಶಾಂತಿ ಬಂತಾ ಬಂತಾ ಅಂತ ನೋಡ್ಕೋಬೇಡ. ಥರ್ಮಾಮೀಟರ್ ಇಟ್ಟು ನಿಮಿಷಕ್ಕೊಂದು ಸಲ ತೆಗೆದು ನೋಡೋ ರೋಗಿಗಳಿರ್ತಿದ್ರು, ಅವರಿಗೆ ನಾನು ಥರ್ಮಾಮೀಟರೇ ಕೊಡ್ತಿರಲಿಲ್ಲ. ಕೆಲವು ರಾತ್ರಿ ಓದಿ ಮುಗಿಸಿದ್ರೂ ಎದೆ ಡವಡವ ಅಂತಾನೇ ಇರುತ್ತೆ. ಇರಲಿ. ಪ್ರಾರ್ಥನೆ ಆಗಿದೆ.

ಚಿಂತಾಮಣಿ ಕಡೆಯವ:

ನಾನು ಕ್ರಿಶ್ಚಿಯನ್ ಅಲ್ಲ, ಪ್ರಾರ್ಥನೆ ವಿಷಯ ನನಗೆ ಗೊತ್ತಿಲ್ಲ. ಸಹಕಾರಿ ಬ್ಯಾಂಕಲ್ಲಿ ಕೆಲಸ ಮಾಡಿದೀನಿ. ಬೆಳಗ್ಗೆ ಬೈಕಿನ ಶಬ್ದಕ್ಕೆ ಹೆದರ್ತೀನಿ ಅಂತ ಈ ತಾಯಿ ಬರೆದಿದ್ದಕ್ಕೆ ಇದನ್ನ ಬರೀತಿದೀನಿ.

ಅಮ್ಮ, ಮೈಕ್ರೋ ಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ. ಕಂತು ಕಟ್ಟೋದು ನೀವೂ ಅವರೂ ಒಪ್ಪಿದ ಜಾಗದಲ್ಲಿ. ನೀವು ಅಲ್ಲಿಗೆ ಎರಡು ಅಥವಾ ಹೆಚ್ಚು ಸಲ ಸತತವಾಗಿ ಬರದೇ ಇದ್ರೆ ಮಾತ್ರ ಮನೆಗೆ ಬರಬಹುದು. ಬೈಯೋದು, ಬೆದರಿಸೋದು, ನೆಂಟರಿಗೆ, ಸ್ನೇಹಿತರಿಗೆ ಕಾಟ ಕೊಡೋದು, ಯಾವುದೂ ಇಲ್ಲ. ಈ ಸಾಲಕ್ಕೆ ಅಡಮಾನ ಕೇಳೋ ಹಾಗೂ ಇಲ್ಲ. ಇನ್ನೊಂದು ಮುಖ್ಯ ವಿಷಯ: ಒಂದು ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು, ಅಷ್ಟು ನೋಡಿಯೇ ಸಾಲ ಕೊಡಬೇಕು. ನಿಮ್ಮ ಮನೆ ಲೆಕ್ಕ ಅದನ್ನ ದಾಟಿದ್ರೆ ಕೊಟ್ಟವರೂ ಉತ್ತರ ಹೇಳಬೇಕಾಗುತ್ತೆ.

ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ರಿಸರ್ವ್ ಬ್ಯಾಂಕಿಗೆ ದೂರು ಹೇಗೆ ಕೊಡೋದು ಅಂತ ಕೇಳೋಕೆ 14448. ಹಾಗಂತ ಕಟ್ಟೋದು ತಪ್ಪುತ್ತೆ ಅಂತ ಅಲ್ಲ, ನ್ಯಾಯವಾದ ಸಾಲ ಕಟ್ಟಲೇಬೇಕು. ಕಂಪನಿಯವರ ಆಫೀಸಿಗೆ ನೀವೇ ಹೋಗಿ, ಬೆಳೆ ಹಾಳಾಗಿದ್ದು ಹೇಳಿ, ಕಂತು ಚಿಕ್ಕದು ಮಾಡಿ ಅವಧಿ ಉದ್ದ ಮಾಡಿ ಅಂತ ಬರವಣಿಗೆಯಲ್ಲಿ ಕೊಡಿ. ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸೀಲು ಹಾಕಿಸ್ಕೊಳ್ಳಿ. ಬಾಯಿಮಾತಲ್ಲಿ ಹೇಳಿ ಬರಬೇಡಿ. ಮಗಳು ಪಿಯುಸಿ ಓದ್ತಿದಾಳಲ್ಲ, ಅವಳ ಕೈಲೇ ಬರೆಸಿ.

ಆ ರಾಜ ಕಾಗದ ಹರಡಿದ ಕತೆ ಚೆನ್ನಾಗಿತ್ತು. ಅದೇ ಕಾಗದಗಳನ್ನ ಒಂದು ಫೈಲಿಗೂ ಹಾಕಿಡಿ.

ಕೃಪೆಯೇ ಸಾಕು:

ನರ್ಸಮ್ಮನವರೇ, ನಾನು ಒಳ್ಳೆಯ ಮನಸ್ಸಿಂದಲೇ ಬರೆದಿದ್ದು. ಯೆಶಾಯ 58 ಓದಿದೆ. ಸಹೋದರಿ, ಈ ಮಂಗಳವಾರದ ಕಂತಿಗೆ ಎಷ್ಟು ಕಡಿಮೆ ಬಿದ್ದಿದೆ, ಮೆಸೇಜಲ್ಲಿ ತಿಳಿಸಿ. ಪೂರ್ತಿ ಆಗದಿದ್ರೂ ಸ್ವಲ್ಪ ನನ್ನ ಕೈಲಾಗುತ್ತೆ.

ವಕ್ಕಲೇರಿ ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೃಪೆ ಬ್ರದರ್, ನಿಮ್ಮ ಮಾತೇ ಸಾಕು, ಈ ವಾರದ್ದು ಹಾಲಿನ ದುಡ್ಡಲ್ಲಿ ಆಯ್ತು. ಬೇಕಾದಾಗ ಕೇಳ್ತೀನಿ, ನಾಚಿಕೆ ಪಡಲ್ಲ.

ಎಸ್‌ಎನ್‌ಆರ್‌ಗೆ ಹೋಗಿದ್ದೆ. ಥೈರಾಯ್ಡ್ ಸರಿ ಇದೆ. ಹೀಮೋಗ್ಲೋಬಿನ್ನು ಎಂಟೂ ಚಿಲ್ಲರೆ. ಡಾಕ್ಟ್ರಮ್ಮ ಕಣ್ಣಿನ ರೆಪ್ಪೆ ಇಳಿಸಿ ನೋಡಿ 'ಹೀಗೆ ಬಿಳಿಚಿಕೊಂಡಿದೀಯಲ್ಲ, ತೋಟದ ಕೆಲಸ ಹೇಗೆ ಮಾಡ್ತೀಯ?' ಅಂದ್ರು. ಕಬ್ಬಿಣದ ಮಾತ್ರೆ ಕೊಟ್ಟಿದಾರೆ. ಮನಸ್ಸಿನ ಡಾಕ್ಟರ ಹತ್ರ ಮುಂದಿನ ವಾರ ಬರೋಕೆ ಹೇಳಿದಾರೆ, ಇವರೂ ಜೊತೆಗೆ ಬರ್ತೀನಿ ಅಂದಿದಾರೆ. ಇವರಿಗೆ ಎಲ್ಲ ಹೇಳಿದೆ. ರಾತ್ರಿ ಎಚ್ಚರ ಆಗೋದು ತಮಗೂ ಗೊತ್ತಿತ್ತಂತೆ, ಏನು ಕೇಳೋದು ಅಂತ ತಿಳಿಯದೆ ನಿದ್ದೆ ಬಂದ ಹಾಗೆ ಇರ್ತಿದ್ರಂತೆ. ಸಿಟ್ಟೂ ಬಂತು, ನಗುವೂ ಬಂತು.

ಸ್ತ್ರೀಯರ ಸಭೆಯಲ್ಲಿ ಪ್ರಾರ್ಥನೆ ವಿಷಯ ಕೇಳೋವಾಗ ಎಲ್ಲರೂ ಮಾಮೂಲಿ 'ಕುಟುಂಬಕ್ಕಾಗಿ' ಅಂತಾರೆ. ನಾನು ಎದ್ದು 'ಸಂಘದ ಸಾಲಕ್ಕಾಗಿ' ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಚಾಪೆಯಿಂದ ಒಬ್ಬಳು 'ನನಗೂ' ಅಂದ್ಲು, ಇನ್ನೊಬ್ಬಳು 'ನಂದೂ ಬರ್ಕೊಳ್ಳಿ' ಅಂದ್ಲು. ಆ ಹಿರಿಯಮ್ಮ ಏನೂ ಅನ್ನಲಿಲ್ಲ. ಚಿಂತಾಮಣಿ ಸರ್ ಹೇಳಿದ ಅರ್ಜಿ ಮಗಳು ಬರೆದಳು, ಈಗ ಅವರಿಬ್ಬರಿಗೂ ಅವಳೇ ಬರೆದುಕೊಡ್ತಾಳೆ. ಮೂವರೂ ಒಟ್ಟಿಗೆ ಆಫೀಸಿಗೆ ಹೋಗೋಣ ಅಂತ ಇದೀವಿ.

ಎಚ್ಚರ ಈಗಲೂ ಆಗುತ್ತೆ. ಕಾಲು ನೆಲಕ್ಕೆ ಊರಿ ಕೂರ್ತೀನಿ. ಕಾರ್ಡು ಹರಡಿ ಲೆಕ್ಕ ಹೇಳ್ತೀನಿ, 13ನೇದು ಓದ್ತೀನಿ. ಕೆಲವು ಸಲ ಮತ್ತೆ ನಿದ್ದೆ ಬರುತ್ತೆ, ಕೆಲವು ಸಲ ಹಾಗೇ ಹೋಗಿ ಹಾಲು ಕರೀತೀನಿ.

ಅಮ್ಮಾ, ಒಂದೇ ತೊಂದರೆ. ಆ ಮಾತ್ರೆ ತಗೊಂಡ್ರೆ ಹೊಟ್ಟೆ ತೊಳಸುತ್ತೆ, ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ಬಿಟ್ಟುಬಿಡಲಾ ಅನ್ಸುತ್ತೆ.

ನೈಟ್ ಡ್ಯೂಟಿ ಅಮ್ಮ:

ಬಿಡಬೇಡ! ಎಲ್ಲರೂ ಅಲ್ಲೇ ಬಿಡೋದು. ಖಾಲಿ ಹೊಟ್ಟೆಗೆ ಆಗದಿದ್ರೆ ರಾತ್ರಿ ಮುದ್ದೆ ಉಂಡಮೇಲೆ ತಗೋ, ನಿಂಬೆಹಣ್ಣಿನ ನೀರಿನ ಜೊತೆ. ಟೀ ಜೊತೆ ಮಾತ್ರ ಬೇಡ, ಟೀ ಕುಡಿಯೋಕೂ ಮಾತ್ರೆಗೂ ಒಂದೆರಡು ಗಂಟೆ ಅಂತರ ಇರಲಿ, ಇಲ್ಲಾಂದ್ರೆ ಕಬ್ಬಿಣ ಮೈಗೆ ಹತ್ತಲ್ಲ. ಮಲ ಕಪ್ಪಗಾಗುತ್ತೆ, ಹೆದರಬೇಡ. ಆದ್ರೂ ತಡ್ಕೊಳ್ಳೋಕೆ ಆಗದಿದ್ರೆ ಡಾಕ್ಟ್ರಮ್ಮನ್ನೇ ಕೇಳು, ಬೇರೆ ಮಾತ್ರೆ ಬರೆದುಕೊಡ್ತಾರೆ. ಮತ್ತೆ ರಕ್ತ ಪರೀಕ್ಷೆ ಯಾವಾಗ ಅಂದಿದಾರೋ ಆಗ ಮಾಡಿಸಿ ಎಷ್ಟು ಬಂತು ಅಂತ ಇಲ್ಲೇ ಹಾಕು.